ನಳ ಬಂದ ರಾತ್ರಿ: ಕೊರತೆಯ ಮನಸ್ಸು ಹೆಂಗೆ ಹುಟ್ಟತ್ತೆ, ಹೆಂಗೆ ಬಿಡತ್ತೆ

ಹುಬ್ಬಳ್ಳಿಯಲ್ಲಿ ನಾನು ಬೆಳೆದ ಓಣಿಗೆ ನೀರು ಬರ್ತಿದ್ದಿದ್ದು ಐದಾರು ದಿನಕ್ಕೊಮ್ಮೆ, ಅದೂ ಹಗಲು ಹೊತ್ತಲ್ಲಿ ಬಂದ್ರೆ ಪುಣ್ಯ, ಎಷ್ಟೋ ಸಲ ರಾತ್ರಿ ಎರಡಕ್ಕೋ ಮೂರಕ್ಕೋ. ಮೊದಲು ನಳದೊಳಗಿಂದ ಗಾಳಿ ಸುಂಯ್ ಅಂತಿತ್ತು, ಆ ಸದ್ದಿಗೇ ಅವ್ವ ಎದ್ದು ಕೂಡ್ತಿದ್ದಳು. "ಏಳ್ರಿ, ನಳ ಬಂತು." ಆಮೇಲೆ ಎರಡು ತಾಸು ಇಡೀ ಓಣಿಗೇ ಎಚ್ಚರ, ಬ್ಯಾರಲ್ಲು, ಹಂಡೆ, ಕೊಡ, ಬಕೆಟ್ಟು, ಚರಿಗೆ, ಅವೆಲ್ಲ ತುಂಬಿದ ಮೇಲೆ ಕುಕ್ಕರು, ಪರಾತ, ದ್ವಾಸಿ ಹಿಟ್ಟಿನ ಪಾತ್ರೆ ಕೂಡ. ಇದನ್ನ ಹುಬ್ಬಳ್ಳಿ-ಧಾರವಾಡದೋರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಾನು ಹೇಳಬೇಕು ಅಂದುಕೊಂಡಿದ್ದು ತುಂಬೋಕೆ ಮುಂಚೆ ಅವ್ವ ಮಾಡ್ತಿದ್ದ ಇನ್ನೊಂದು ಕೆಲಸದ ಬಗ್ಗೆ. ಐದು ದಿನ ಒಂದೇ ಚರಿಗೇಲಿ ಮುಖ ತೊಳೀರಿ, ಒಂದೇ ಬಕೆಟ್ನಲ್ಲಿ ಸ್ನಾನ ಮುಗಸ್ರಿ ಅಂತ ಬೈದು ಬೈದು ಉಳಿಸಿದ್ದ ನೀರಿರ್ತಿತ್ತಲ್ಲ, ಬ್ಯಾರಲ್ಲಿನ ತಳದಲ್ಲಿ ಅರ್ಧದಷ್ಟು, ಅದನ್ನ ಪೂರ್ತಿ ಅಂಗಳಕ್ಕೆ ಚೆಲ್ಲಿಬಿಡ್ತಿದ್ದಳು. "ಹಳೇ ನೀರು, ಹುಳಾ ಬೀಳ್ತಾವ, ಹೊಸಾ ನೀರು ತುಂಬು."

ಎಷ್ಟೋ ವರ್ಷ ಆದಮೇಲೆ ನನಗೆ ಇದರ ಅರ್ಥ ಆಗಿದ್ದು. ನೀರು ಇಲ್ಲ ಅಂತ ಹೆದರಿ ಉಳಿಸಿದ್ವಿ, ಉಳಿಸಿದ್ದು ಯಾರ ಬಾಯಿಗೂ ಬೀಳಲಿಲ್ಲ, ಯಾರ ಮೈಗೂ ಬೀಳಲಿಲ್ಲ, ಮಣ್ಣಿಗೆ ಹೋಯ್ತು. ಮುಂದಿನ ಸರ್ತಿ ನೀರು ಯಾವಾಗ ಬರತ್ತೆ ಅಂತ ಗೊತ್ತಿದ್ದಿದ್ರೆ ನಾಲ್ಕನೇ ದಿನಾನೇ ಆ ಅರ್ಧ ಬ್ಯಾರಲ್ಲಿನಲ್ಲಿ ಅವ್ವ ತಲೆಗೆ ಎರೆದುಕೊಳ್ಳಬಹುದಿತ್ತು. ನೀರಿಗಿಂತ ಜಾಸ್ತಿ ಕೊರತೆ ಇದ್ದಿದ್ದು ಆ ಮಾಹಿತಿಗೆ, ಆ ಭರವಸೆಗೆ.

ಈಗ ಎಲ್ಲಿ ನೋಡಿದ್ರೂ ಸ್ಕಾರ್ಸಿಟಿ ಮೈಂಡ್‌ಸೆಟ್, ಅಬಂಡನ್ಸ್ ಮೈಂಡ್‌ಸೆಟ್ ಅನ್ನೋ ಮಾತು. 1989ರಲ್ಲಿ ಸ್ಟೀಫನ್ ಕೋವಿ ಅನ್ನೋ ಅಮೆರಿಕದ ಲೇಖಕರು ಈ ಜೋಡಿ ಪದನ ಜನಪ್ರಿಯ ಮಾಡಿದ್ರು, ಅವರ ಅರ್ಥದಲ್ಲಿ ಕೊರತೆಯ ಮನಸ್ಸು ಅಂದ್ರೆ ಇರೋದು ಒಂದೇ ಹೋಳಿಗೆ, ನೀನು ದೊಡ್ಡ ತುಂಡು ತಗೊಂಡ್ರೆ ನನಗೆ ಕಡಿಮೆ ಆಯ್ತು ಅಂತ ಲೆಕ್ಕ ಹಾಕೋದು, ಸಮೃದ್ಧಿಯ ಮನಸ್ಸು ಅಂದ್ರೆ ಎಲ್ಲರಿಗೂ ಸಾಕಾಗೋಷ್ಟು ಇದೆ ಅಂತ ನಂಬೋದು. ಅಲ್ಲಿವರೆಗೆ ಸರಿ. ಆದ್ರೆ ಅಲ್ಲಿಂದ ಮುಂದೆ ಅದು ರೀಲ್ಸ್‌ಗೆ ಬಂದು, ಕನ್ನಡಿ ಮುಂದೆ ನಿಂತು ನನ್ನ ಹತ್ರ ಎಲ್ಲಾ ಇದೆ ಅಂತ ದಿನಾ ಹತ್ತು ಸಲ ಹೇಳಿಕೊಳ್ಳಿ, ದುಡ್ಡು ತಾನಾಗೇ ಬರತ್ತೆ ಅನ್ನೋ ಮಟ್ಟಕ್ಕೆ ಇಳಿದಿದೆ, ಅದನ್ನ ನಾನು ಒಪ್ಪಲ್ಲ. ರಾತ್ರಿ ಎರಡಕ್ಕೆ ಎದ್ದು ಕೊಡ ಹಿಡಿಯೋ ಹೆಂಗಸಿಗೆ ನಿನ್ನ ಯೋಚನೆ ಸರಿ ಇಲ್ಲ ಕಣಮ್ಮ ಅನ್ನೋದು ಅನ್ಯಾಯ. ಅವಳ ಯೋಚನೆ ಅವಳ ನಳಕ್ಕೆ ಸರಿಯಾಗೇ ಇತ್ತು.

ಹಂಗಾದ್ರೆ ಕೊರತೆ ತಲೆಯೊಳಗೆ ಏನು ಮಾಡತ್ತೆ? ಇದಕ್ಕೆ ನನಗೆ ಗೊತ್ತಿರೋದ್ರಲ್ಲಿ ಒಳ್ಳೇ ಉತ್ತರ ಸಿಕ್ಕಿದ್ದು ನಮ್ಮ ಪಕ್ಕದ ತಮಿಳುನಾಡಿನ ಕಬ್ಬಿನ ಗದ್ದೆಗಳಲ್ಲಿ. ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್, ಎಲ್ಡಾರ್ ಶಫೀರ್, ಜಿಯಾಯಿಂಗ್ ಝಾವೊ ಅನ್ನೋ ನಾಲ್ಕು ಜನ ಸಂಶೋಧಕರು ವಿಲ್ಲುಪುರಂ, ತಿರುವಣ್ಣಾಮಲೈ ಕಡೆಯ 54 ಹಳ್ಳಿಗಳಲ್ಲಿ 464 ಕಬ್ಬು ಬೆಳೆಗಾರರನ್ನ ಮಾತಾಡಿಸಿದ್ರು, 2013ರಲ್ಲಿ ಸೈನ್ಸ್ ಪತ್ರಿಕೇಲಿ ಅದು ಬಂತು. ಕಬ್ಬನ್ನೇ ಯಾಕೆ ಆರಿಸಿಕೊಂಡ್ರು ಅಂದ್ರೆ ಕಬ್ಬಿನೋರಿಗೆ ದುಡ್ಡು ಬರೋದು ವರ್ಷಕ್ಕೊಂದೇ ಸಲ. ಮಂಡ್ಯದೋರಿಗೂ ಬೆಳಗಾವಿ, ಬಾಗಲಕೋಟೆಯೋರಿಗೂ ಇದು ಗೊತ್ತಿರೋದೇ, ಕಬ್ಬಿನ ಬಿಲ್ಲು ಬಂದಾಗ ಮನೇಲಿ ಹಬ್ಬ, ಬರೋ ಮುಂಚಿನ ಎರಡು ತಿಂಗಳು ಅಂಗಡಿಯಲ್ಲಿ ಉದ್ರಿ. ಅದೇ ಮನುಷ್ಯ, ಅದೇ ಹೊಲ, ಅದೇ ಓದು, ಕಟಾವಿಗೆ ಮುಂಚೆ ಕೈ ಖಾಲಿ, ಕಟಾವಾದ ಮೇಲೆ ಕೈ ತುಂಬ. ಕಟಾವಿಗೆ ಮುಂಚೆ ಅವರಲ್ಲಿ 78% ಜನ ಏನಾದ್ರೊಂದು ಅಡ ಇಟ್ಟಿದ್ರು, ಆಮೇಲೆ ಅದು 4%ಕ್ಕೆ ಇಳಿದಿತ್ತು. ಈ ಎರಡೂ ಹೊತ್ತಲ್ಲಿ ಅವರಿಗೆ ಚಿತ್ರದ ಜೋಡಣೆಯಲ್ಲಿ ಬಿಟ್ಟುಹೋದ ತುಂಡು ಯಾವುದು ಅಂತ ಹುಡುಕೋ ಪರೀಕ್ಷೆ ಕೊಟ್ರು, ಓದು ಬರಹ ಬೇಕಾಗಿಲ್ಲದ ಪರೀಕ್ಷೆ ಅದು. ಕೈ ಖಾಲಿ ಇದ್ದಾಗ ಸರಾಸರಿ 4.35 ಉತ್ತರ ಸರಿ, ಬಿಲ್ಲು ಬಂದ ಮೇಲೆ ಅದೇ ಜನ 5.45.

ಇದರ ಲೆಕ್ಕದ ಬಗ್ಗೆ ಆಮೇಲೆ ಬೇರೆ ಸಂಶೋಧಕರು ತಕರಾರು ತೆಗೆದ್ರು, ಆ ಚರ್ಚೆ ಇರಲಿ. ಅದು ತೋರಿಸಿದ ದಾರಿ ಮಾತ್ರ ದೊಡ್ಡದು. ಬಡವರು ತಪ್ಪು ನಿರ್ಧಾರ ತಗೋತಾರೆ, ಅದಕ್ಕೇ ಬಡವರಾಗೇ ಉಳಿದಿದಾರೆ ಅಂತ ನಾವು ಸುಲಭವಾಗಿ ಹೇಳಿಬಿಡ್ತೀವಲ್ಲ, ಅದು ತಿರುಗು ಮುರುಗು. ಖಾಲಿ ಕೈ ಮೊದಲು, ದಣಿದ ತಲೆ ಆಮೇಲೆ. ಬಡ್ಡಿ ಕಟ್ಟೋ ದಿನ, ಮಗಳ ಫೀಸು, ಗೊಬ್ಬರದ ಅಂಗಡಿಯವನ ಫೋನು, ಇವು ತಲೆಯ ಒಂದು ಮೂಲೇಲಿ ಸದಾ ಕೂತಿರ್ತಾವೆ, ಹೊರಗೆ ನೋಡೋರಿಗೆ ಆ ಮನುಷ್ಯ ಸುಮ್ಮನೆ ಕಟ್ಟೆ ಮೇಲೆ ಕೂತಂಗೆ ಕಾಣ್ತಾನೆ, ಒಳಗೆ ಲೆಕ್ಕ ನಡೀತಾನೇ ಇರತ್ತೆ, ಆ ಲೆಕ್ಕಕ್ಕೆ ಹೋದ ಗಮನ ಬೇರೆ ಯಾವುದಕ್ಕೂ ಸಿಗಲ್ಲ. ಸುರಂಗದೊಳಗೆ ನಡೆಯೋರಿಗೆ ಎದುರಿನ ಬೆಳಕೊಂದೇ ಕಾಣೋ ಹಂಗೆ. ಅದಕ್ಕೊಂದು ಲಾಭಾನೂ ಇದೆ, ಎದುರಿಗಿರೋ ತೊಂದರೇನ ಅವರು ಬಹಳ ಚೊಕ್ಕವಾಗಿ ನಿಭಾಯಿಸ್ತಾರೆ, ನಮ್ಮವ್ವ ಒಂದು ಕೊಡದಲ್ಲಿ ಇಡೀ ದಿನದ ಅಡಿಗೆ, ಮುಸುರೆ ಮುಗಿಸ್ತಿದ್ದಿದ್ದನ್ನ ಯಾವ ಎಂಜಿನಿಯರ್ರೂ ಮಾಡಲಾರ. ಸುರಂಗದ ಪಕ್ಕದಲ್ಲಿರೋದು ಮಾತ್ರ ಕಾಣಲ್ಲ.

ಒಡಿಶಾದಲ್ಲಿ ಇನ್ನೊಂದು ಪ್ರಯೋಗ ನಡೀತು, ಅದು ನನಗೆ ಇನ್ನೂ ಹತ್ತಿರದ್ದು, ಯಾಕಂದ್ರೆ ನಮ್ಮ ಕಡೆ ಮದುವೆ ಮನೇಲಿ ಮುತ್ತಲದ ಎಲೆ ಹಚ್ಚೋದನ್ನ ನೋಡಿ ಬೆಳೆದವರು ನಾವು. ಅಲ್ಲಿ ಎಲೆ ತಟ್ಟೆ ಕಟ್ಟೋ ಕೂಲಿಯವರು, ತಟ್ಟೆಗಿಷ್ಟು ಅಂತ ಕೂಲಿ. ಕೆಲವರಿಗೆ ಅವರ ಕೂಲಿಯ ಒಂದು ಭಾಗನ ಕೆಲವು ದಿನ ಮುಂಚೆ ಕೊಟ್ರು, ಮಿಕ್ಕವರಿಗೆ ಕೊನೇಲಿ. ಒಂದು ರೂಪಾಯಿನೂ ಜಾಸ್ತಿ ಕೊಡಲಿಲ್ಲ, ಬರೀ ಮುಂಚೆ ಕೊಟ್ರು ಅಷ್ಟೇ. ಮುಂಚೆ ದುಡ್ಡು ಸಿಕ್ಕವರು ಸಾಲಸೋಲ ತೀರಿಸಿ ಬಂದು ಕೂತ್ರು, ಕೂತು ಹೆಚ್ಚು ತಟ್ಟೆ ಕಟ್ಟಿದ್ರು, ಅದರಲ್ಲಿ ತಪ್ಪೂ ಕಡಿಮೆ. ಎಲೆಗೆ ಕಡ್ಡಿ ಚುಚ್ಚೋವಾಗ ಎಲ್ಲಿ ಚುಚ್ಚಬೇಕು ಅನ್ನೋದು ಕೈಗೆ ಗೊತ್ತಿರತ್ತೆ, ತಲೆ ಬೇರೆಲ್ಲೋ ಇದ್ರೆ ಕಡ್ಡಿ ಪಕ್ಕಕ್ಕೆ ಹೋಗತ್ತೆ. ತಲೆ ಮತ್ತೆ ಕೈ ಹತ್ರ ವಾಪಸ್ ಬಂತು.

ಇಲ್ಲಿವರೆಗೂ ಸುಲಭ: ಕೊರತೆ ಹೋದ್ರೆ ಮನಸ್ಸು ಹಗುರಾಗತ್ತೆ. ಕಷ್ಟದ ಪ್ರಶ್ನೆ ಇರೋದು ಮುಂದೆ. ಕೊರತೆ ಹೋದ ಮೇಲೂ ಕೆಲವರಿಗೆ ಮನಸ್ಸಿಂದ ಅದು ಯಾಕೆ ಹೋಗಲ್ಲ? ಸಂಬಳ ಲಕ್ಷದ ಹತ್ರ ಇದ್ದೋರು ಐನೂರು ರೂಪಾಯಿಗೆ ರಾತ್ರಿ ನಿದ್ದೆಗೆಡೋದು, ಗಾಡ್ರೇಜಲ್ಲಿ ಇಪ್ಪತ್ತು ವರ್ಷ ಉಡದೇ ಇಟ್ಟ ರೇಷ್ಮೆ ಸೀರೆಯ ಮಡಿಕೆಗಳು ಹರಿಯೋದು, ಅಟ್ಟದ ಮೇಲೆ ಕಾಗದ ಬಿಚ್ಚದ ಸ್ಟೀಲ್ ಡಬ್ಬಿಗಳ ಸಾಲು, ಇವನ್ನೆಲ್ಲಾ ಯಾರ ಮನೇಲಿ ನೋಡಿಲ್ಲ ಹೇಳಿ.

ಇದಕ್ಕೆ ಉತ್ತರ ನನಗೆ ನನ್ನೂರಲ್ಲೇ ಸಿಕ್ತು. 2008ರ ಹೊತ್ತಿಗೆ ವಿಶ್ವಬ್ಯಾಂಕ್ ನೆರವಿನ ಯೋಜನೇಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ಊರುಗಳ ಕೆಲವು ವಾರ್ಡ್‌ಗಳಿಗೆ ಪ್ರಯೋಗ ಅಂತ 24 ತಾಸೂ ನೀರು ಬಿಡೋಕೆ ಶುರು ಮಾಡಿದ್ರು, ಊರಿನ ಹತ್ತರಲ್ಲೊಂದು ಪಾಲಿಗೆ ಅಂತ ಇಟ್ಕೊಳ್ಳಿ. ಹೊಸ ಪೈಪು, ಹೊಸ ಮೀಟರು, ಯಾವಾಗ ತಿರುವಿದ್ರೂ ನೀರು. ಒಂದು ರಸ್ತೆ ಈಚೆ ಐದು ದಿನಕ್ಕೊಮ್ಮೆ, ಆಚೆ ದಿನಪೂರ್ತಿ. ನಾವು ಈಚೆಯವರು, ಆಚೆ ಓಣಿಯ ನೆಂಟರ ಮನೆಗೆ ಹೋದಾಗ ನಾನು ಸುಮ್ಮನೆ ನಳ ತಿರುವಿ ನೋಡ್ತಿದ್ದೆ, ಬಂದುಬಿಡ್ತಿತ್ತು.

ಆದ್ರೆ ಆ ಮನೆಯ ಬಚ್ಚಲಲ್ಲಿ ಬ್ಯಾರಲ್ಲು ಹಂಗೇ ಇತ್ತು, ತುಂಬಿ, ಮೇಲೊಂದು ತಟ್ಟೆ ಮುಚ್ಚಿ. ಆ ಕಾಕು ದಿನಾ ಬೆಳಿಗ್ಗೆ ಕೊಡಗಳನ್ನ ತೊಳೆದು ತುಂಬೋಳು. ಇದು ಅವರೊಬ್ಬರ ಕಥೆ ಅಲ್ಲ. ಬರ್ಕಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಹುಬ್ಬಳ್ಳಿ-ಧಾರವಾಡಕ್ಕೆ ಬಂದು ವರ್ಷಗಟ್ಟಲೆ ಕೂತು ಮನೆ ಮನೆ ತಿರುಗಿದ್ರು, ಝಕರಿ ಬರ್ಟ್ ಮತ್ತೆ ಇಶಾ ರೇ 2014ರಲ್ಲಿ ಬರೆದಿದ್ದು ಇದನ್ನೇ, 24 ತಾಸು ನೀರು ಬರೋ ಮನೆಗಳಲ್ಲೂ ಜನ ನೀರು ತುಂಬಿಡೋದನ್ನ ಬಿಟ್ಟಿಲ್ಲ ಅಂತ. ಇದರಲ್ಲೊಂದು ನೋವಿನ ಸಂಗತಿ ಇದೆ. ನೀರು ನಿಂತು ನಿಂತು ಬಂದ್ರೆ ಪೈಪಲ್ಲಿ ಒತ್ತಡ ಇಲ್ಲದ ಹೊತ್ತಲ್ಲಿ ಹೊರಗಿನ ಹೊಲಸು ಸೀಳಿನ ಮೂಲಕ ಒಳಗೆ ಜಿನುಗತ್ತೆ, ಸದಾ ಹರೀತಿದ್ರೆ ಒಳಗಿನ ಒತ್ತಡ ಅದನ್ನ ಹೊರಗೇ ತಡೆಯತ್ತೆ, ಅಂದ್ರೆ ನಳದ ಬಾಯಿಂದ ಬೀಳೋ ನೀರು ಈಗ ಮುಂಚಿಗಿಂತ ಶುದ್ಧ, ಆದ್ರೆ ಅದನ್ನೇ ಕೊಡದಲ್ಲಿ ಹಿಡಿದಿಟ್ಟು, ದಿನವಿಡೀ ಕೈ ಅದ್ದಿ ಅದ್ದಿ ಚರಿಗೇಲಿ ತೋಡಿದ್ರೆ ಮತ್ತೆ ಕೆಡತ್ತೆ. ಭಯದಿಂದ ಇಟ್ಟಿದ್ದು ಭಯ ಪಟ್ಟಿದ್ದಕ್ಕಿಂತ ಕೆಟ್ಟದ್ದನ್ನ ಮಾಡತ್ತೆ.

ಹಂಗಂತ ಆ ಕಾಕು ಮಾಡಿದ್ದು ಮೂಢತನ ಅಲ್ಲ. ನಲವತ್ತು ವರ್ಷ ನಳ ಅವಳಿಗೆ ಕೊಟ್ಟಿದ್ದು ಒಂದೇ ಪಾಠ, ನನ್ನನ್ನ ನಂಬಬೇಡ ಅಂತ. ಈಗ ಆರು ತಿಂಗಳಿಂದ ನಂಬು ಅಂತಿದೆ. ನೀವಾಗಿದ್ರೆ ಯಾರ ಮಾತು ಕೇಳ್ತಿದ್ರಿ?

1944-45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ 36 ಜನ ಯುವಕರು ತಾವಾಗೇ ಒಪ್ಪಿ ಆರು ತಿಂಗಳು ಅರೆಹೊಟ್ಟೆ ಇದ್ರು, ಯುದ್ಧದಲ್ಲಿ ಹಸಿದ ಜನಕ್ಕೆ ಮತ್ತೆ ಊಟ ಹೆಂಗೆ ಶುರು ಮಾಡಬೇಕು ಅಂತ ತಿಳ್ಕೊಳ್ಳೋಕೆ ಅನ್ಸೆಲ್ ಕೀಸ್ ನಡೆಸಿದ ಪ್ರಯೋಗ. ಹಸಿವಲ್ಲಿ ಅವರು ಅಡಿಗೆ ಪುಸ್ತಕ ಓದ್ತಾ ಕೂತ್ರು, ರೆಸಿಪಿ ಕೂಡಿ ಹಾಕಿದ್ರು. ಆಶ್ಚರ್ಯ ಅದಲ್ಲ, ಮತ್ತೆ ಊಟ ಸಿಕ್ಕ ಮೇಲೆ ಹೊಟ್ಟೆ ಬಿರಿಯೋ ಹಂಗೆ ತಿಂದ್ರೂ ಕೆಲವರಿಗೆ ಇನ್ನೂ ಹಸಿವು ಅನ್ನಿಸ್ತಾನೇ ಇತ್ತು. ಮೈಗೆ ಸಿಕ್ಕಿದ್ದು ಮನಸ್ಸಿಗೆ ತಲುಪೋಕೆ ದಿನ ಹಿಡಿಯತ್ತೆ.

ಮಕ್ಕಳ ಮೇಲಿನ ಒಂದು ಪ್ರಯೋಗ ಈ ಗಂಟನ್ನ ಬಿಚ್ಚಿಡತ್ತೆ ಅಂತ ನನ್ನ ಅನಿಸಿಕೆ. ಮಗುವಿನ ಮುಂದೆ ಒಂದು ಮಾರ್ಷ್‌ಮೆಲೋ ಮಿಠಾಯಿ ಇಟ್ಟು, ಹದಿನೈದು ನಿಮಿಷ ತಿನ್ನದೇ ಕಾದ್ರೆ ಇನ್ನೊಂದು ಕೊಡ್ತೀನಿ ಅನ್ನೋ ಪರೀಕ್ಷೆ ಬಹಳ ಜನ ಕೇಳಿರ್ತೀರಿ, ಕಾಯೋ ಮಗುಗೆ ಸಂಯಮ ಇದೆ, ಮುಂದೆ ಬರತ್ತೆ ಅಂತ ಅದನ್ನ ಹೇಳ್ತಾ ಬಂದ್ರು. ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಸೆಲೆಸ್ಟ್ ಕಿಡ್ ಮತ್ತೆ ಜೊತೆಗಾರರು ಇದಕ್ಕೆ ಮುಂಚೆ ಒಂದು ಸಣ್ಣ ಹೆಜ್ಜೆ ಸೇರಿಸಿದ್ರು. 28 ಮಕ್ಕಳು. ಮೊದಲು ಚಿತ್ರ ಬರೆಯೋಕೆ ಕೂರಿಸಿ, ತಡಿ ಒಳ್ಳೇ ಬಣ್ಣದ ಕಡ್ಡಿ ತರ್ತೀನಿ ಅಂತ ಎದ್ದು ಹೋದ್ರು. ಅರ್ಧ ಮಕ್ಕಳಿಗೆ ತಂದು ಕೊಟ್ರು, ಇನ್ನರ್ಧ ಮಕ್ಕಳಿಗೆ ಖಾಲಿ ಕೈಲಿ ಬಂದು ಕ್ಷಮಿಸು ಪುಟ್ಟಾ ಇಲ್ಲ ಅಂದ್ರು. ಸ್ಟಿಕ್ಕರ್ ವಿಷಯದಲ್ಲೂ ಹಂಗೇ. ಆಮೇಲೆ ಮಿಠಾಯಿ ಪರೀಕ್ಷೆ. ಮಾತು ಉಳಿಸಿಕೊಂಡವರ ಮುಂದೆ ಕೂತ ಮಕ್ಕಳು ಸರಾಸರಿ 12 ನಿಮಿಷ ಕಾದ್ರು, ಮಾತು ತಪ್ಪಿದವರ ಮುಂದೆ ಕೂತ ಮಕ್ಕಳು 3 ನಿಮಿಷ. ಪೂರ್ತಿ ಹದಿನೈದು ನಿಮಿಷ ಕಾದಿದ್ದು ಆ ಕಡೆ 14ರಲ್ಲಿ 9 ಮಕ್ಕಳು, ಈ ಕಡೆ ಒಂದೇ ಒಂದು. ಬೇಗ ತಿಂದ ಮಗುಗೆ ಬುದ್ಧಿ ಇತ್ತು, ಈ ಮನುಷ್ಯರು ಕೊಡಲ್ಲ ಅಂತ ಅದಕ್ಕೆ ಗೊತ್ತಾಗಿತ್ತು.

ನನಗೆ ಹೊಳೆದಿದ್ದು ಇಷ್ಟೇ: ಸಮೃದ್ಧಿಯ ಮನಸ್ಸಿಗೆ ಬೇಕಾಗಿರೋದು ಜಾಸ್ತಿ ಮಿಠಾಯಿ ಅಲ್ಲ, ಮಾತು ಉಳಿಯತ್ತೆ ಅನ್ನೋ ಅನುಭವ.

ಇದನ್ನ ತಲೇಲಿ ಇಟ್ಕೊಂಡು ಆಯ್ದಕ್ಕಿ ಲಕ್ಕಮ್ಮನ ಕಥೆ ಮತ್ತೆ ನೆನಪು ಮಾಡಿಕೊಳ್ಳಿ. 12ನೇ ಶತಮಾನದ ಕಲ್ಯಾಣ, ಗಂಡ ಮಾರಯ್ಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರ್ತಾನೆ, ಅದೇ ಅವರ ಕಾಯಕ, ಅದರಲ್ಲೇ ದಾಸೋಹ. ಒಂದಿನ ದಿನಕ್ಕಿಂತ ಜಾಸ್ತಿ ತಂದ. ಲಕ್ಕಮ್ಮ ಖುಷಿ ಪಡಲಿಲ್ಲ, ಇಷ್ಟೊಂದು ಅಕ್ಕಿಯ ಆಸೆ ನಮಗ್ಯಾಕೆ, ಎಲ್ಲಿಂದ ತಂದ್ಯೋ ಅಲ್ಲೇ ಸುರಿದು ಬಾ ಅಂತ ವಾಪಸ್ ಕಳಿಸಿದಳು. ಚಿಕ್ಕವನಿದ್ದಾಗ ನಾನು ಇದನ್ನ ತ್ಯಾಗದ ಕಥೆ ಅಂತ ಕೇಳಿದ್ದೆ. ಈಗ ನೋಡಿದ್ರೆ ಲಕ್ಕಮ್ಮಂಗೆ ನಾಳೆ ಬಗ್ಗೆ ಎಂಥ ಧೈರ್ಯ ಇತ್ತು ಅನ್ನಿಸತ್ತೆ: ನಾಳೆನೂ ಆಯೋಕೆ ಕೈ ಇರತ್ತೆ, ಕೈಗೆ ಕೆಲಸ ಇರತ್ತೆ, ನಾವು ಬಿದ್ರೆ ಎತ್ತೋ ಶರಣರ ಗುಂಪು ಸುತ್ತ ಇದೆ. ಅವಳ ಮನೇಲಿ ಒಂದು ದಿನದ ಅಕ್ಕಿ ಮಾತ್ರ, ಆದ್ರೆ ಕೊರತೆ ಇಲ್ಲ. ಹಂಗಂತ ಹಸಿದೋರ ಮುಂದೆ ನಿಂತು ಲಕ್ಕಮ್ಮನ್ನ ನೋಡಿ ಕಲೀರಿ ಅನ್ನೋ ಹಕ್ಕು ಯಾರಿಗೂ ಇಲ್ಲ. ಮೊದಲು ಆ ಕಲ್ಯಾಣ ಇರಬೇಕು, ಆಮೇಲೆ ಆ ಮನಸ್ಸು.

ನಮ್ಮ ಮನೇಲಿ ಆ ಮನಸ್ಸು ಸ್ವಲ್ಪ ಸ್ವಲ್ಪವಾಗಿ ಬಂದಿದ್ದು ಸ್ತ್ರೀಶಕ್ತಿ ಸಂಘದ ಮೂಲಕ. ರಾಜ್ಯದಲ್ಲಿ ಆ ಯೋಜನೆ ಶುರು ಆಗಿದ್ದು 2000-01ರಲ್ಲಿ, ನಮ್ಮ ಓಣಿಗೆ ಬರೋಕೆ ಇನ್ನೂ ಕೆಲವು ವರ್ಷ ಬೇಕಾಯ್ತು. ಅಲ್ಲಿವರೆಗೂ ಅವ್ವನ ಉಳಿತಾಯ ಅಂದ್ರೆ ಸಾಸಿವೆ ಡಬ್ಬಿ, ಅದರ ವಿಷಯ ಅಪ್ಪಂಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ, ಗೊತ್ತಾದ ದಿನ ಅದು ಖಾಲಿ. ಸಂಘದಲ್ಲಿ ವಾರಕ್ಕೆ ಹತ್ತು ರೂಪಾಯಿ ಕಟ್ಟಬೇಕಿತ್ತು. ಹತ್ತು ರೂಪಾಯಿಯಿಂದ ಯಾರೂ ಶ್ರೀಮಂತರಾಗಲ್ಲ, ಅದು ಅವ್ವಂಗೂ ಗೊತ್ತಿತ್ತು. ನನ್ನ ತಂಗಿಗೆ ಜ್ವರ ಏರಿ ಆಸ್ಪತ್ರೆ ಸೇರಿಸಿದ ದಿನ, ಸಂಜೆ ಐದು ಗಂಟೆಗೆ ಸಂಘದ ಮೂರು ಜನ ಮನೆಗೆ ಬಂದು ಎರಡು ಸಾವಿರ ಅವ್ವನ ಕೈಲಿಟ್ಟು, ಪುಸ್ತಕದಲ್ಲಿ ಹೆಬ್ಬೆಟ್ಟು ಆಮೇಲೆ ಒತ್ತೀಯಂತ ಈಗ ಹೋಗು ಅಂದ್ರು. ಓಲೆ ಅಡ ಇಡಬೇಕಾಗಲಿಲ್ಲ, ಯಾರ ಕಾಲೂ ಹಿಡೀಬೇಕಾಗಲಿಲ್ಲ. ಆ ಒಂದು ಸಂಜೆ ಅವ್ವನ ಮನಸ್ಸಲ್ಲಿ ಮಾಡಿದ ಕೆಲಸನ ಹತ್ತು ವರ್ಷದ ಬುದ್ಧಿಮಾತು ಮಾಡಿರಲಿಲ್ಲ. ಅದಾದ ಮೇಲೆ ಅವಳು ಪಕ್ಕದ ಮನೆಗೆ ಸಕ್ಕರೆ ಕೊಡೋವಾಗ ಬಟ್ಟಲು ತುಂಬಿಸಿ ಕೊಡೋಕೆ ಶುರು ಮಾಡಿದ್ದು ನನಗೆ ನೆನಪಿದೆ, ಮುಂಚೆ ಒಂದು ಬೆರಳು ಕಡಿಮೆ ಇರ್ತಿತ್ತು.

ಹಂಗಾಗಿ ಯಾರಾದ್ರೂ ನನ್ನ ಹತ್ರ ಈ ಮನಸ್ಸಿಂದ ಆಚೆ ಬರೋದು ಹೆಂಗೆ ಅಂತ ಕೇಳಿದ್ರೆ ನಾನು ಮೊದಲು ಕೇಳೋದು, ನಿಮ್ಮ ನಳ ಯಾವುದು, ಅದು ಈಗಲೂ ಐದು ದಿನಕ್ಕೊಮ್ಮೆನಾ ಅಥವಾ ದಿನಾ ಬರ್ತಿದೆಯಾ ಅಂತ. ನಿಜವಾಗ್ಲೂ ಬರದೇ ಇದ್ರೆ ಬ್ಯಾರಲ್ಲು ತುಂಬಿಡೋದೇ ಸರಿ, ಮನಸ್ಸಿನ ಗೋಜಿಗೆ ಹೋಗಬೇಡಿ, ಸ್ವಲ್ಪ ಉಸಿರಾಡೋ ಜಾಗ ಮಾಡಿಕೊಳ್ಳೋ ದಾರಿ ನೋಡಿ. ಒಂದು ತಿಂಗಳ ಖರ್ಚಿನಷ್ಟು ದುಡ್ಡು ಕೈ ಹಾಕದ ಹಂಗೆ ಬೇರೆ ಖಾತೇಲಿ ಇದ್ರೆ ಅದರ ಬೆಲೆ ಬಡ್ಡಿಯಲ್ಲಿ ಇಲ್ಲ, ಅದು ತಲೆಯಲ್ಲಿ ಖಾಲಿ ಮಾಡಿಕೊಡೋ ಜಾಗದಲ್ಲಿದೆ. ನಳ ದಿನಾ ಬರ್ತಿದ್ದು ಮನಸ್ಸು ಮಾತ್ರ ಹಳೇ ಓಣಿಯಲ್ಲೇ ಇದ್ರೆ, ಆಗ ಒಂದು ಕೊಡ ಕಡಿಮೆ ತುಂಬಿ ನೋಡಬೇಕು. ಎಲ್ಲಾ ಕೊಡ ಒಟ್ಟಿಗೆ ಬಿಟ್ಟುಬಿಡಿ ಅಂದ್ರೆ ಯಾವ ಮನಸ್ಸೂ ಒಪ್ಪಲ್ಲ, ಒಪ್ಪಬಾರದು ಕೂಡ. ಒಂದು ರೇಷ್ಮೆ ಸೀರೆ ಯಾವ ಮದುವೆನೂ ಇಲ್ಲದ ಮಂಗಳವಾರ ಉಟ್ಟುಕೊಳ್ಳಿ. ಆಫೀಸಲ್ಲಿ ನಿಮಗಷ್ಟೇ ಗೊತ್ತಿರೋ ಕೆಲಸನ ಹೊಸಬರೊಬ್ಬರಿಗೆ ಪೂರ್ತಿ ಹೇಳಿಕೊಡಿ, ನಾನು ಇದನ್ನ ವರ್ಷಗಟ್ಟಲೆ ಮಾಡಿರಲಿಲ್ಲ, ಹೇಳಿಕೊಟ್ರೆ ನನ್ನ ಕುರ್ಚಿ ಹೋಗತ್ತೆ ಅಂತ ಒಳಗೆ ಹೆದರಿಕೆ, ಹೇಳಿಕೊಟ್ಟ ವರ್ಷ ನಾನು ಮೊದಲ ಸಲ ಹತ್ತು ದಿನ ರಜೆ ಹಾಕಿ ಊರಿಗೆ ಹೋಗಿ ಬಂದೆ. ಹಿಂಗೆ ಒಂದೊಂದು ಸಲ ಏನೂ ಅನಾಹುತ ಆಗದೇ ಇದ್ದಾಗ ಮನಸ್ಸು ಅದನ್ನ ಬರೆದಿಟ್ಕೊಳ್ಳತ್ತೆ. ನಲವತ್ತು ವರ್ಷ ಹೆದರಿದ ಮನಸ್ಸಿಗೆ ಬಹಳ ಸಲ ಬರೀಬೇಕಾಗತ್ತೆ, ಅವಸರ ಮಾಡಬಾರದು, ಮನೆ ಹಿರಿಯರಿಗಂತೂ ಇದನ್ನ ಬೈದು ಕಲಿಸೋಕೆ ಹೋಗಲೇಬಾರದು.

ಅವ್ವ ಈಗ ಬೆಂಗಳೂರಲ್ಲಿ ನಮ್ಮ ಜೊತೆ ಇದಾಳೆ. ಬಂದ ಹೊಸದರಲ್ಲಿ ಅಡಿಗೆಮನೇಲಿ ಹನ್ನೊಂದು ಪಾತ್ರೆ ನೀರು ತುಂಬಿಡ್ತಿದ್ದಳು, ನಾನು ಎಣಿಸಿದೀನಿ. ನಾನು ಏನೂ ಅನ್ನಲಿಲ್ಲ. ಎರಡು ವರ್ಷದಲ್ಲಿ ಅದು ಆರಕ್ಕೆ ಬಂತು, ಆಮೇಲೆ ಎರಡು ತಾಮ್ರದ ಕೊಡಕ್ಕೆ. ಅಷ್ಟರಲ್ಲಿ 2024ರ ಮಾರ್ಚ್ ಬಂತು, ಊರಲ್ಲಿ ಸಾವಿರಾರು ಬೋರ್‌ವೆಲ್ ಬತ್ತಿ ಹೋದ್ವು, ಕುಡಿಯೋ ನೀರಲ್ಲಿ ಕಾರ್ ತೊಳೆದ್ರೆ 5,000 ರೂಪಾಯಿ ದಂಡ ಅಂತ ಆದೇಶ ಬಂತು, ನಮ್ಮ ಬಿಲ್ಡಿಂಗಿಗೆ ಟ್ಯಾಂಕರ್ ಯಾವಾಗ ಬರತ್ತೆ ಅಂತ ಯಾರಿಗೂ ಗೊತ್ತಿಲ್ಲ. ಅವ್ವ ಮತ್ತೆ ಹನ್ನೊಂದಕ್ಕೆ ಹೋಗ್ತಾಳೆ ಅಂತ ನಾನು ಕಾಯ್ತಿದ್ದೆ. ಒಂದಿನ ಬೆಳಿಗ್ಗೆ ನಳ ತಿರುವಿದ್ರೆ ಸುಂಯ್ ಅಂತು, ಬರೀ ಗಾಳಿ. ಎದುರುಮನೆ ಹುಡುಗಿ ಎಂಟು ತಿಂಗಳ ಮಗು ಎತ್ಕೊಂಡು ಬಾಗಿಲಿಗೆ ಬಂದು ಹಾಲಿನ ಬಾಟ್ಲಿ ತೊಳೆಯೋಕೂ ನೀರಿಲ್ಲ ಆಂಟಿ ಅಂದ್ಲು. ಅವ್ವ ಒಳಗೆ ಹೋಗಿ ಎರಡು ಕೊಡದಲ್ಲಿ ಒಂದನ್ನ ಸೊಂಟಕ್ಕೆ ಏರಿಸಿಕೊಂಡು ಬಂದು ಅವಳ ಅಡಿಗೆಮನೇಲಿ ಇಟ್ಟು ಬಂದ್ಲು. ಇನ್ನೊಂದು ನಮಗೆ ಸಂಜೆವರೆಗೂ ಬಂತು.